ಚಳಿಗಾಲದ ಹಕ್ಕಿ ವೀಕ್ಷಣೆ: ಕೆರೆಯಿಂದ ಹೊಲದವರೆಗೆ, ಹಂತ ಹಂತವಾಗಿ

ಚಳಿಗಾಲದಲ್ಲಿ ಕೆರೆಗೆ ಹೋಗಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಫೋನಿನಲ್ಲಿ ಒಂದು ಫೋಟೊ, ಅದರಲ್ಲಿ ನೀರಿನ ನಡುವೆ ಹತ್ತಾರು ಕಪ್ಪು ಚುಕ್ಕೆ. "ಇದು ಯಾವ ಹಕ್ಕಿ?" ಹೇಳಲು ಆಗುವುದಿಲ್ಲ. ಕ್ಯಾಮೆರಾ ಸಾಲದು, ಬೈನಾಕ್ಯುಲರ್ ಸರಿಯಿಲ್ಲ ಅಂತ ಅವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಬೇರೆ ಕಡೆ. ಸೂರ್ಯನಿಗೆ ಎದುರಾಗಿ ನಿಂತಿರುತ್ತಾರೆ. ಹತ್ತಿರ ಹೋಗುವ ಆತುರದಲ್ಲಿ ಹಿಂಡನ್ನೇ ಎಬ್ಬಿಸಿರುತ್ತಾರೆ. ಹಕ್ಕಿ ಏನು ಮಾಡುತ್ತಿದೆ ಅಂತ ನೋಡುವ ಮೊದಲೇ ಬಣ್ಣ ಹುಡುಕಿರುತ್ತಾರೆ.

ಇದಕ್ಕೆ ಪರಿಹಾರ ಕ್ರಮ ಬದಲಿಸುವುದು. ಮೊದಲು ಬೆಳಕು, ಆಮೇಲೆ ದೂರ, ಆಮೇಲೆ ನಡವಳಿಕೆ, ಕೊನೆಗೆ ಬಣ್ಣ. ಕೆಳಗಿನ ಹಂತಗಳನ್ನು ಕರ್ನಾಟಕದ ಬಯಲುಸೀಮೆಯ ಕೆರೆ, ಹೊಲಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕಾಲ ನವೆಂಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ಕೆರೆ, ಬಿಸಿಲೇರುವಾಗ ಹೊಲ, ಸಂಜೆ ಹುಲ್ಲುಬಯಲು ಎಂಬ ಲೆಕ್ಕ.

## 1. ಹಿಂದಿನ ದಿನವೇ ಕೆರೆಯ ನಕ್ಷೆ ನೋಡಿ

ಫೋನಿನ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ತೆರೆಯಿರಿ. ಏರಿ ಯಾವ ಕಡೆ ಇದೆ, ಪೂರ್ವದ ದಂಡೆಗೆ ಹೋಗಲು ದಾರಿ ಇದೆಯಾ, ಇವೆರಡನ್ನು ಗುರುತು ಮಾಡಿಕೊಳ್ಳಿ.

ಏರಿ ಮತ್ತು ತೂಬಿನ ಹತ್ತಿರ ನೀರು ಆಳ. ಅಲ್ಲಿ ನೀರುಕಾಗೆ, ಗುಳುಮುಳುಕ, ಮುಳುಗಿ ಮೇಯುವ ಪೋಚರ್ಡ್ ಬಾತುಗಳು ಇರುತ್ತವೆ. ಏರಿಯ ಎದುರು ಬದಿಯಲ್ಲಿ, ಹಳ್ಳ ಬಂದು ಸೇರುವ ಕಡೆ, ಕೆರೆ ಅಂಗಳ ತೆಳುವಾಗಿ ಹರಡಿರುತ್ತದೆ. ಮೊಣಕಾಲುದ್ದದ ನೀರು, ಕೆಸರು, ಜೊಂಡು ಎಲ್ಲ ಅಲ್ಲೇ. ವಲಸೆ ಬಂದ ಬಾತು ಮತ್ತು ಕೆಸರಂಚಿನಲ್ಲಿ ನಡೆದು ಮೇಯುವ ಗೊರವಗಳಲ್ಲಿ ಹೆಚ್ಚಿನವು ಮೇಯುವುದು ಈ ಅಂಗಳದಲ್ಲಿ. ಆದರೆ ಗಾಡಿ ನಿಲ್ಲಿಸಲು ಸುಲಭ ಅಂತ ಹೊಸಬರು ಏರಿಯ ಮೇಲೇ ನಿಂತು, ಆಳದ ನೀರನ್ನಷ್ಟೇ ನೋಡಿ, "ಏನೂ ಇಲ್ಲ" ಅಂತ ವಾಪಸ್ಸಾಗುತ್ತಾರೆ.

ಬೆಳಿಗ್ಗೆ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೇಲೆ ಬೀಳಬೇಕು. ಸಂಜೆ ಇದಕ್ಕೆ ಉಲ್ಟಾ. ಎದುರು ಬಿಸಿಲಿನಲ್ಲಿ ಎಂಥ ಬಣ್ಣದ ಬಾತೂ ಕಪ್ಪಾಗಿಯೇ ಕಾಣುತ್ತದೆ. ದುಬಾರಿ ಬೈನಾಕ್ಯುಲರ್ ಕೂಡ ಇದನ್ನು ಸರಿಮಾಡುವುದಿಲ್ಲ.

ನೀರಿನ ಮಟ್ಟವನ್ನೂ ವಿಚಾರಿಸಿ. ಮಳೆ ಚೆನ್ನಾಗಿ ಆದ ವರ್ಷ ನವೆಂಬರ್‌ನಲ್ಲಿ ಕೆರೆ ಕೋಡಿ ಹರಿಯುತ್ತಿರುತ್ತದೆ. ಆಗ ಕೆಸರಂಚೇ ಇರುವುದಿಲ್ಲ, ಗೊರವಗಳೂ ಕಡಿಮೆ. ಅದೇ ಕೆರೆ ಜನವರಿ, ಫೆಬ್ರವರಿಯಲ್ಲಿ ಇಳಿದಾಗ ಅಂಗಳ ತೆರೆದುಕೊಂಡು ಹಕ್ಕಿ ತುಂಬುತ್ತವೆ. ಒಂದು ಭೇಟಿಯಲ್ಲಿ ಏನೂ ಸಿಗಲಿಲ್ಲ ಅಂತ ಕೆರೆಯನ್ನೇ ಕೈಬಿಡಬೇಡಿ.

## 2. ಬೈನಾಕ್ಯುಲರನ್ನು ಮನೆಯಲ್ಲೇ ಹೊಂದಿಸಿ

ಕೆರೆಗೂ ಹೊಲಕ್ಕೂ ಎರಡಕ್ಕೂ ಸರಿಹೊಂದುವುದು 8×42. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 10 ಪಟ್ಟಿನದು ತಗೊಂಡರೆ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಡಿಮೆ. ಹಾರುವ ಹಕ್ಕಿ ಹಿಡಿಯಲು ಹೊಸಬರಿಗೆ ಕಷ್ಟ.

ಇರುವ ಬೈನಾಕ್ಯುಲರಿನಲ್ಲೇ ಮಸುಕು ಕಾಣುತ್ತಿದ್ದರೆ ಮೊದಲು ಇದನ್ನು ಮಾಡಿ. ದೂರದ ಒಂದು ಬೋರ್ಡನ್ನು ಗುರಿ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಉಂಗುರವನ್ನು ಮಾತ್ರ ತಿರುಗಿಸಿ. ಆ ಉಂಗುರ ನಿಂತ ಜಾಗಕ್ಕೆ ಗುರುತು ಹಾಕಿ. ಇನ್ನು ಮೇಲೆ ನಡುವಿನ ಚಕ್ರ ಒಂದನ್ನೇ ತಿರುಗಿಸಿದರೆ ಸಾಕು. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಸುತ್ತಲೂ ಕಪ್ಪು ಆವರಿಸಿ, ನಡುವೆ ಸಣ್ಣ ವೃತ್ತ ಮಾತ್ರ ಕಾಣುತ್ತದೆ.

ಇನ್ನೊಂದು ಅಭ್ಯಾಸ ಮನೆ ಮಾಳಿಗೆಯಲ್ಲೇ ಆಗಲಿ. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡಿ, ಆಮೇಲೆ ಹಕ್ಕಿ ಹುಡುಕಿದರೆ ಅದು ಸಿಗುವುದೇ ಇಲ್ಲ. ಅದನ್ನು ಹಿಡಿದು ಸೂರ್ಯನ ಕಡೆ ತಪ್ಪಿಯೂ ತಿರುಗಬೇಡಿ, ಕಣ್ಣಿಗೆ ಶಾಶ್ವತ ಹಾನಿ ಆಗುತ್ತದೆ.

ಉಳಿದದ್ದು ಸರಳ: ಮಾಸಲು ಬಣ್ಣದ ಬಟ್ಟೆ, ಟೋಪಿ, ನೀರು, ಚಿಕ್ಕ ನೋಟ್‌ಬುಕ್, ಪೆನ್ಸಿಲ್. ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಟ್ಟು ನೋಡುವ ದುರ್ಬೀನು) ಇದ್ದರೆ ಒಳ್ಳೆಯದು, ಆದರೆ ಅದರ ಉಪಯೋಗ ಬೆಳಗಿನ ಹೊತ್ತು. ಬಿಸಿಲೇರಿ ನೆಲದಿಂದ ಝಳ ಎದ್ದ ಮೇಲೆ ದೂರದ ಹಕ್ಕಿ ಕುಣಿದಂತೆ ಕಾಣುತ್ತದೆ.

## 3. ತಲುಪಿದ ಮೇಲೆ ಮೊದಲ ಹತ್ತು ನಿಮಿಷ ನಿಂತಲ್ಲೇ ನಿಲ್ಲಿ

ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯಲ್ಲಿರಿ. ನೇರ ನೀರಿನ ಅಂಚಿಗೆ ಇಳಿಯಬೇಡಿ. ಮರ, ಪೊದೆ, ಇಲ್ಲದಿದ್ದರೆ ಗಾಡಿಯನ್ನೇ ಮರೆ ಮಾಡಿಕೊಂಡು ಬರಿಗಣ್ಣಿನಿಂದ ಇಡೀ ಕೆರೆ ನೋಡಿ. ಹಿಂಡು ಎಲ್ಲೆಲ್ಲಿ ಇದೆ, ಯಾವ ಮೂಲೆ ಖಾಲಿ, ಜನ, ನಾಯಿ, ತೆಪ್ಪ ಯಾವ ಕಡೆಯಿಂದ ಬರುತ್ತಿವೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಬೈನಾಕ್ಯುಲರ್ ಎತ್ತಿ, ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿ. ಮೊದಲು ಹತ್ತಿರದ ಕೆಸರಂಚು, ಆಮೇಲೆ ತೆಳು ನೀರು, ಕೊನೆಗೆ ದೂರದ ನೀರು.

ದೂರ ಎಷ್ಟಿರಬೇಕು ಎಂಬುದಕ್ಕೆ ಅಡಿ ಲೆಕ್ಕವಿಲ್ಲ, ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಬಾತು ಮೇವು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿದರೆ ಅದು ಮೊದಲ ಎಚ್ಚರಿಕೆ. ಚದುರಿದ್ದ ಹಿಂಡು ಒತ್ತಾಗಿ, ಒಂದೇ ದಿಕ್ಕಿಗೆ ಈಜಲು ಶುರು ಮಾಡಿದರೆ ಎರಡನೆಯದು. ಟಿಟ್ಟಿಭ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಇಡೀ ಕೆರೆಗೆ ಸುದ್ದಿ ಹೋಯಿತು ಅಂತಲೇ ಲೆಕ್ಕ. ಮೊದಲ ಎಚ್ಚರಿಕೆಗೇ ನಿಲ್ಲಿ, ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಕುಳಿತುಕೊಳ್ಳಿ. ಸ್ವಲ್ಪ ಹೊತ್ತಿಗೆ ಅವು ಮತ್ತೆ ಮೇಯತೊಡಗುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗಳು ಇವು. ವಾಪಸ್ ಹೋಗಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಹಾರುವ ಫೋಟೊಗಾಗಿ ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಡ್ರೋನ್ ಬಿಡುವುದು ಅವುಗಳ ಹೊಟ್ಟೆಗೆ ಹೊಡೆದಂತೆ.

ನೀವು ಅಲ್ಲಾಡದೆ ಇದ್ದಾಗಲೂ ಇಡೀ ಹಿಂಡು ಒಮ್ಮೆಲೇ ಎದ್ದರೆ ತಕ್ಷಣ ಮೇಲೆ ನೋಡಿ. ಬೇಟೆಗಾರ ಹಕ್ಕಿ ಬಂದಿರುತ್ತದೆ. ಜೊಂಡಿನ ಮೇಲೆ ತಗ್ಗಾಗಿ ತೇಲುವ ಮಾರ್ಷ್ ಹ್ಯಾರಿಯರ್ ಹೀಗೆ ಆಗಾಗ ಸಿಗುತ್ತದೆ.

## 4. ನೀರಿನ ಮೇಲೆ: ಬಾತುಗಳನ್ನು ವಿಂಗಡಿಸುವುದು

ಹೆಸರಿಗೆ ಆತುರ ಬೇಡ. ಮೊದಲು ಇಲ್ಲಿಯವೇ ಆದ ಹಕ್ಕಿಗಳನ್ನು ಪಕ್ಕಕ್ಕಿಡಿ. ಮೈಯೆಲ್ಲ ಕಪ್ಪು, ಹಣೆ ಮತ್ತು ಕೊಕ್ಕು ಬೆಳ್ಳಗೆ ಇದ್ದರೆ ನಾಮದ ಕೋಳಿ. ಅದು ಬಾತೇ ಅಲ್ಲ, ಆದರೂ ದೂರದಿಂದ ಬಾತು ಅಂತ ಎಣಿಸಿಬಿಡುವುದು ತುಂಬಾ ಸಾಮಾನ್ಯ. ಕಪ್ಪು ಕೊಕ್ಕಿನ ತುದಿ ಹಳದಿ ಇದ್ದರೆ ಚುಕ್ಕೆ ಕೊಕ್ಕಿನ ಬಾತು. ಇವೆರಡೂ ಕೈವಶವಾದರೆ ಉಳಿದ ಹಿಂಡು ತಾನೇ ಬೇರೆಯಾಗಿ ಕಾಣುತ್ತದೆ.

ಈಗ ನಡವಳಿಕೆ ನೋಡಿ. ಬಾಲ ಮೇಲೆತ್ತಿ, ತಲೆ ನೀರಿಗಿಳಿಸಿ ಮೇಯುವ ಬಾತುಗಳು ತೆಳು ನೀರಿನವು. ಹಾರುವಾಗ ನೀರಿನಿಂದ ನೇರ ಮೇಲಕ್ಕೆ ಚಿಮ್ಮುತ್ತವೆ. ಪೂರ್ತಿ ಮುಳುಗಿ ಬೇರೆ ಕಡೆ ಏಳುವ ಪೋಚರ್ಡ್‌ಗಳು ನೀರಿನ ಮೇಲೆ ಓಡಿ ಓಡಿ ಹಾರುತ್ತವೆ. ಇಷ್ಟು ಗೊತ್ತಾದರೆ ಪುಸ್ತಕದ ಅರ್ಧ ಪುಟ ಬಿಟ್ಟುಬಿಡಬಹುದು.

ತೆಳು ನೀರಿನವುಗಳಲ್ಲಿ ಆಕಾರ ನೋಡಿ. ಉದ್ದ ಸಪೂರ ಕತ್ತು, ಚೂಪು ಬಾಲ ಇದ್ದರೆ ಪಿನ್‌ಟೇಲ್, ನಮ್ಮ ಸೂಜಿಬಾಲದ ಬಾತು. ಗಂಡಿನ ಕತ್ತಿನ ಪಕ್ಕದಲ್ಲಿ ಬಿಳಿ ಗೀರೊಂದು ತಲೆಯವರೆಗೆ ಏರುತ್ತದೆ. ಸಲಿಕೆಯಂಥ ಅಗಲ ಕೊಕ್ಕನ್ನು ನೀರಿಗೆ ಊರಿ, ತಲೆ ಎತ್ತದೆ ಸುತ್ತು ಹಾಕುತ್ತಿದ್ದರೆ ಶೊವೆಲರ್. ಇದರ ಹೆಣ್ಣನ್ನೂ ಕೊಕ್ಕಿನಿಂದಲೇ ಹೇಳಬಹುದು. ಹೊಟ್ಟೆಯ ಹಿಂಭಾಗ ಕಪ್ಪಾದ ಬೂದು ಗಂಡು ಗ್ಯಾಡ್‌ವಾಲ್. ಚಿಕ್ಕ ಬಾತು, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು ಇದ್ದರೆ ಗಂಡು ಗಾರ್ಗನಿ.

ಹೆಚ್ಚಿನವರು ಎಡವುವುದು ಇಲ್ಲೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದಿಳಿಯುವ ಗಂಡು ಬಾತುಗಳು ಹೆಣ್ಣಿನಂತೆಯೇ ಮಾಸಲು ಕಂದು ಬಣ್ಣದಲ್ಲಿರುತ್ತವೆ. ಚಳಿಗಾಲ ಸಾಗಿದಂತೆ ಗರಿ ಬದಲಾಗಿ ಬಣ್ಣ ಬರುತ್ತದೆ. ಗಾರ್ಗನಿ ಗಂಡು ಇದರಲ್ಲಿ ಎಲ್ಲಕ್ಕಿಂತ ತಡ, ಫೆಬ್ರವರಿಯ ಹೊತ್ತಿಗೂ ಹಳೇ ವೇಷದಲ್ಲೇ ಇರಬಹುದು. ಹಾಗಾಗಿ ನವೆಂಬರ್‌ನಲ್ಲಿ ಪುಸ್ತಕದ ಚಿತ್ರಕ್ಕೆ ಹೋಲಿಸಿ ಗೊಂದಲವಾದರೆ ನಿಮ್ಮ ಕಣ್ಣನ್ನು ಅನುಮಾನಿಸಬೇಡಿ. ಗಾತ್ರ, ಕೊಕ್ಕು, ಹಾರುವಾಗ ರೆಕ್ಕೆಯ ಮೇಲೆ ಕಾಣುವ ಪಟ್ಟಿ, ಇವುಗಳನ್ನೇ ಹಿಡಿಯಿರಿ.

ಪಟ್ಟೆತಲೆ ಹೆಬ್ಬಾತಿಗೆ ಬೇರೆಯೇ ವೇಳಾಪಟ್ಟಿ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಈ ದೊಡ್ಡ ಹಕ್ಕಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ದೊಡ್ಡ ಸಂಖ್ಯೆಯಲ್ಲಿ ಬರುತ್ತದೆ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಹೊಲಗಳಲ್ಲಿ ಮೇದು, ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. ಬೆಳಿಗ್ಗೆ ಹಿಂಡು ಹಿಂಡಾಗಿ ವಾಪಸ್ ಇಳಿಯುವುದನ್ನು ದಂಡೆಯಲ್ಲೇ ಕಾಯಿರಿ. ನಡು ಮಧ್ಯಾಹ್ನ ಹೊಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಯಾವುದಾದರೂ ಹಕ್ಕಿಯ ಕತ್ತಿನಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ.

## 5. ಕೆಸರಂಚು: ಗೊರವಗಳ ಕಷ್ಟ

"ಎಲ್ಲ ಒಂದೇ ಥರ ಕಾಣುತ್ತವೆ" ಅಂತ ಜನ ಕೈಚೆಲ್ಲುವ ಜಾಗ ಇದು. ಬಣ್ಣ ಹಿಡಿದು ಹೊರಟರೆ ನಿಜಕ್ಕೂ ಒಂದೇ ಥರ ಕಾಣುತ್ತವೆ. ನಡಿಗೆ ಹಿಡಿಯಿರಿ.

ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಒಮ್ಮೆ ಕುಟುಕಿ, ಮತ್ತೆ ಓಡಿದರೆ ಅದು ಪ್ಲವರ್. ಕಣ್ಣಿನಿಂದ ಹುಳ ಹುಡುಕುವ ಹಕ್ಕಿ. ಕಣ್ಣಿನ ಸುತ್ತ ಹಳದಿ ಉಂಗುರ ಇದ್ದರೆ ಲಿಟಲ್ ರಿಂಗ್ಡ್ ಪ್ಲವರ್. ಎಡೆಬಿಡದೆ ನಡೆಯುತ್ತಾ ಕೆಸರಿಗೆ ಕೊಕ್ಕು ಹಾಕುತ್ತಿದ್ದರೆ ಸ್ಯಾಂಡ್‌ಪೈಪರ್ ಗುಂಪು. ಗುಬ್ಬಿಯಷ್ಟೇ ಚಿಕ್ಕದು, ಹೊಲಿಗೆ ಯಂತ್ರದ ಸೂಜಿಯ ಹಾಗೆ ಪಟಪಟ ಕುಟುಕುತ್ತಿದ್ದರೆ ಸ್ಟಿಂಟ್. ಅದರ ಕಾಲು ಕಪ್ಪಾಗಿದ್ದರೆ ಲಿಟಲ್ ಸ್ಟಿಂಟ್, ಹಳದಿಯಾಗಿದ್ದರೆ ಟೆಮಿಂಕ್ಸ್ ಸ್ಟಿಂಟ್. ಆದರೆ ಕಾಲಿಗೆ ಕೆಸರು ಮೆತ್ತಿದ್ದರೆ ಎರಡೂ ಕಪ್ಪೇ, ಅದು ನೀರಿಗಿಳಿದು ಏಳುವವರೆಗೆ ಕಾಯಿರಿ.

ಗದ್ದೆ, ಹಳ್ಳ, ಕೆರೆ ಎಲ್ಲ ಕಡೆ ಸಿಗುವ ಮೂರು ಸ್ಯಾಂಡ್‌ಪೈಪರ್‌ಗಳನ್ನು ಬೇರೆ ಮಾಡಲು ಕಲಿತರೆ ಉಳಿದದ್ದು ಸುಲಭ. ಕಾಮನ್ ಸ್ಯಾಂಡ್‌ಪೈಪರ್ ನಿಂತಲ್ಲೇ ಹಿಂಭಾಗ ಕುಣಿಸುತ್ತಲೇ ಇರುತ್ತದೆ. ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದತ್ತ ತೂರಿಕೊಂಡಿರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ತಗ್ಗಾಗಿ, ರೆಕ್ಕೆಯನ್ನು ಬಿಗಿಯಾಗಿ ನಡುಗಿಸುತ್ತಾ ಹೋಗುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಸಾಮಾನ್ಯವಾಗಿ ಒಂಟಿ. ಮೇಲ್ಮೈ ಗಾಢ, ಹಾರಿದಾಗ ಸೊಂಟದ ಮೇಲೆ ಅಚ್ಚ ಬಿಳಿ ಹೊಳೆಯುತ್ತದೆ, ರೆಕ್ಕೆಯ ಅಡಿ ಕಪ್ಪು. ಗಾಬರಿಯಾದರೆ ಕೂಗುತ್ತಾ ಎತ್ತರಕ್ಕೆ ಏರಿ ಮಾಯವಾಗುತ್ತದೆ. ವುಡ್ ಸ್ಯಾಂಡ್‌ಪೈಪರ್‌ಗೆ ಬೆನ್ನ ತುಂಬ ತಿಳಿ ಚುಕ್ಕೆ, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ರೆಕ್ಕೆಯ ಅಡಿ ತಿಳಿ ಬಣ್ಣ. ಇದು ಗುಂಪಿನಲ್ಲಿರುವುದು ಜಾಸ್ತಿ.

ಅಂಚಿನಲ್ಲಿ ಬಾಲ ಕುಣಿಸುವ ಸಪೂರ ಹಕ್ಕಿ ಕಂಡರೆ ಸಿಪಿಲೆ, ಅಂದರೆ ವ್ಯಾಗ್‌ಟೇಲ್. ಕಪ್ಪು ಮೈ, ಬಿಳಿ ಹುಬ್ಬಿನ ದೊಡ್ಡ ಸಿಪಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಹಳದಿ ಇರುವವು ಚಳಿಗಾಲದ ಅತಿಥಿಗಳು. ಕೆನ್ನೆಯ ಸುತ್ತ ಪೂರ್ತಿ ಹಳದಿ ಆವರಿಸಿ, ಜೌಗಿನಲ್ಲಿ ನಡೆದಾಡುತ್ತಿದ್ದರೆ ಸಿಟ್ರಿನ್ ಇರಬಹುದು. ದನಗಳ ಕಾಲಡಿ ಓಡಾಡುವುದು ಹೆಚ್ಚಾಗಿ ಯೆಲ್ಲೋ ವ್ಯಾಗ್‌ಟೇಲ್.

ಒಂದು ಎಚ್ಚರಿಕೆ. ಒಣಗಿ ಬಿರಿದಂತೆ ಕಾಣುವ ಅಂಗಳದ ಕೆಳಗೆ ಮೊಣಕಾಲು ಹೂಳುವ ಕೆಸರು ಇರುತ್ತದೆ. ಹೂಳು ತೆಗೆದ ಕೆರೆಗಳಲ್ಲಿ ನೀರಿನಡಿ ಆಳದ ಗುಂಡಿಗಳಿರುತ್ತವೆ. ಫೋಟೊಗಾಗಿ ಒಬ್ಬರೇ ಅಂಗಳಕ್ಕೆ ಇಳಿಯಬೇಡಿ.

## 6. ಬಿಸಿಲೇರಿದಾಗ ಹೊಲಕ್ಕೆ ಹೊರಡಿ

ಎಂಟೂವರೆ, ಒಂಬತ್ತರ ಹೊತ್ತಿಗೆ ಕೆರೆ ಮುಗಿಸಿ. ಎಲ್ಲ ಹೊಲದಲ್ಲೂ ಹಕ್ಕಿ ಇರುವುದಿಲ್ಲ, ಹೊಲದ ಸ್ಥಿತಿ ನೋಡಿ ಆರಿಸಿ. ಉಳುಮೆ ನಡೆಯುತ್ತಿದ್ದರೆ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ, ಸಿಪಿಲೆ, ಮೈನಾ. ಆಗಷ್ಟೇ ನೀರು ಹಾಯಿಸಿದ್ದರೆ ಕೆಂಬರಲು, ಗೊರವ. ಕೊಯ್ಲಾದ ಕೂಳೆ ಮತ್ತು ಬೀಳು ಭೂಮಿಯಲ್ಲಿ ನೆಲಗುಬ್ಬಿ (ಲಾರ್ಕ್), ಅದನ್ನೇ ಹೋಲುವ ಸಪೂರ ಪಿಪಿಟ್. ತೆನೆ ಬಲಿತ ಬಿಳಿಜೋಳದ ಮೇಲೆ ಗುಲಾಬಿ ಮೈನಾಗಳ ದೊಡ್ಡ ಹಿಂಡು.

ರೈತರನ್ನು ಮಾತಾಡಿಸಿ, ಕೇಳಿ ಒಳಗೆ ಹೋಗಿ. ಬದುವಿನ ಮೇಲೆ ಮಾತ್ರ ನಡೆಯಿರಿ. ಕಡಲೆ ಹೊಲದೊಳಗೆ ಒಂದು ಹೆಜ್ಜೆಯೂ ಬೇಡ. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅವರ ಮಾತನ್ನು ಬರೆದುಕೊಳ್ಳಿ.

ಮೊದಲು ತಂತಿ ಮತ್ತು ಕಂಬ ನೋಡಿ. ನೀಲಕಂಠ, ಕಾಜಾಣ, ಕಳ್ಳಿಪೀರ, ಕಳಿಂಗ ಎಲ್ಲ ಅಲ್ಲೇ ಕೂತಿರುತ್ತವೆ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಹಕ್ಕಿ ಕಂಡರೆ ಎರಡು ಸಾಧ್ಯತೆ: ಇಟ್ಟಿಗೆ ಕಂದಾದರೆ ಚಾಣ, ಬಿಳಿ ಬೂದು ಮೈಗೆ ಕಪ್ಪು ಭುಜ ಇದ್ದರೆ ಕಪ್ಪು ರೆಕ್ಕೆಯ ಹದ್ದು. ಎರಡನೆಯದು ಇಲ್ಲಿಯ ನಿವಾಸಿ.

ಆಮೇಲೆ ನೆಲ. ಇಲ್ಲಿ ಹಕ್ಕಿ ಹುಡುಕಬೇಡಿ, ಚಲನೆ ಹುಡುಕಿ. ಎರೆ ಹೊಲದ ಹೆಂಟೆಗಳ ನಡುವೆ ಕೂತ ನೆಲಗುಬ್ಬಿ ಅಲ್ಲಾಡುವವರೆಗೂ ಹೆಂಟೆಯೇ. ಹಿಂಡಾಗಿ ಎದ್ದು, ತಗ್ಗಾಗಿ ಒಂದು ಸುತ್ತು ಹಾಕಿ ಅಲ್ಲೇ ಇಳಿಯುವ ಮಾಸಲು ಹಕ್ಕಿಗಳು ಶಾರ್ಟ್‌ಟೋಡ್ ಲಾರ್ಕ್ ಇರಬಹುದು. ಎದೆ ಗೀರಿಲ್ಲದೆ ಸ್ವಚ್ಛ, ಕತ್ತಿನ ಪಕ್ಕದಲ್ಲಿ ಸಣ್ಣ ಕಪ್ಪು ಮಚ್ಚೆ ನೋಡಿ. ಹೊಟ್ಟೆ ಕಪ್ಪಾದ ಗಂಡು ಕಂಡರೆ ಅದು ಇಲ್ಲಿಯ ಸ್ಪ್ಯಾರೋ ಲಾರ್ಕ್. ಪಿಪಿಟ್‌ಗಳ ವಿಷಯದಲ್ಲಿ ನನ್ನ ಸಲಹೆ: ಕೂಗು ಕೇಳದೆ, ಹತ್ತಿರದಿಂದ ನೋಡದೆ ಹೆಸರು ಕೊಡಬೇಡಿ. "ಪಿಪಿಟ್, ಜಾತಿ ಗೊತ್ತಿಲ್ಲ" ಅಂತ ಬರೆದರೆ ಅದು ಪೂರ್ತಿ ಸರಿಯಾದ ದಾಖಲೆ.

## 7. ಸಂಜೆ: ಹ್ಯಾರಿಯರ್‌ಗಳಿಗೆ ಕಾಯುವುದು

ಮಧ್ಯಾಹ್ನ ವಿಶ್ರಾಂತಿ ತಗೊಳ್ಳಿ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಹುಲ್ಲುಬಯಲಿನ ಅಂಚಿಗೆ ಬನ್ನಿ, ಸೂರ್ಯ ಬೆನ್ನ ಹಿಂದಿರಲಿ. ಹ್ಯಾರಿಯರ್ ಮರದಲ್ಲಿ ಮಲಗುವ ಹಕ್ಕಿಯಲ್ಲ. ಇಡೀ ಬಯಲಿನ ಹಕ್ಕಿಗಳು ಒಂದೇ ಕಡೆ ಸೇರಿ, ಹುಲ್ಲಿನ ನಡುವೆ ನೆಲದ ಮೇಲೆ ರಾತ್ರಿ ಕಳೆಯುತ್ತವೆ.

ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ, ಹುಲ್ಲಿಗೆ ತಾಗಿದಂತೆ ತೇಲಿ ಬರುವುದೇ ಇದರ ಗುರುತು. ಗಂಡು ಬೂದು ಬಣ್ಣದ್ದಾಗಿ, ರೆಕ್ಕೆಯ ಮೇಲೆ ಅಡ್ಡಕ್ಕೆ ಕಪ್ಪು ಪಟ್ಟಿ ಇದ್ದರೆ ಮೊಂಟಾಗುಸ್. ಇನ್ನೂ ಬೆಳ್ಳಗಿದ್ದು, ರೆಕ್ಕೆ ತುದಿಯಲ್ಲಿ ಕಿರಿದಾದ ಕಪ್ಪು ಬೆಣೆ ಮಾತ್ರ ಇದ್ದರೆ ಪ್ಯಾಲಿಡ್. ಹೆಣ್ಣು ಮತ್ತು ಮರಿಗಳು ಕಂದು, ಸೊಂಟದಲ್ಲಿ ಬಿಳಿ, ಬಾಲದಲ್ಲಿ ಪಟ್ಟೆ. ಇವನ್ನು ದೂರದಿಂದ ಬೇರೆ ಮಾಡುವುದು ಅನುಭವಿಗಳಿಗೂ ಕಷ್ಟ. ಗಾಢ ಕಂದು ಮೈ, ಕೆನೆ ಬಣ್ಣದ ತಲೆ ಇದ್ದರೆ ಮಾರ್ಷ್ ಹ್ಯಾರಿಯರ್ ಹೆಣ್ಣು.

ದೂರ ಕೂತು ನೋಡಿ, ಹುಲ್ಲಿನೊಳಗೆ ಕಾಲಿಡಬೇಡಿ. ಇಳಿಯಲು ಬಂದ ಹಕ್ಕಿ ಮತ್ತೆ ಮತ್ತೆ ಸುತ್ತುತ್ತಾ ನೆಲಕ್ಕೆ ಕೂರದಿದ್ದರೆ ಕಾರಣ ನೀವೇ ಇರಬಹುದು, ಹಿಂದೆ ಸರಿಯಿರಿ. ಟಾರ್ಚ್ ಹಾಕಬೇಡಿ. ಆ ಜಾಗದ ಲೊಕೇಶನ್ ಎಲ್ಲರಿಗೂ ಹಂಚಬೇಡಿ. ಹತ್ತು ಗಾಡಿ ಬಂದ ಮೇಲೆ ಅಲ್ಲಿ ಹಕ್ಕಿ ಉಳಿಯುವುದಿಲ್ಲ.

## 8. ಎಣಿಸುವುದು, ಬರೆದಿಡುವುದು

ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಹತ್ತು ಹಕ್ಕಿ ಎಣಿಸಿ, ಅವು ಹಿಡಿಯುವ ಜಾಗ ಎಷ್ಟು ಅಂತ ನೋಡಿ, ಅಂಥ ಜಾಗ ಹಿಂಡಿನಲ್ಲಿ ಎಷ್ಟಿದೆ ಅಂತ ಅಳೆಯಿರಿ. ಎರಡು ಸಲ ಮಾಡಿ. ಅಂಕಿಗಳಲ್ಲಿ ತುಂಬಾ ವ್ಯತ್ಯಾಸ ಬಂದರೆ ಮೂರನೇ ಸಲ. ಹಾರುವ ಗುಲಾಬಿ ಮೈನಾಗಳಿಗೆ ನೂರರ ಅಳತೆ ಇಟ್ಟುಕೊಳ್ಳಿ.

ಹಕ್ಕಿ ದಾಖಲೆ ಸೇರಿಸುವ ಇ-ಬರ್ಡ್ ಆ್ಯಪಿನಲ್ಲಿ ಕೆರೆಗೆ ಒಂದು ಪಟ್ಟಿ, ಹೊಲಕ್ಕೆ ಇನ್ನೊಂದು ಪಟ್ಟಿ ಮಾಡಿ. ಶುರುವಾದ ಹೊತ್ತು, ನಡೆದ ದೂರ, ಕಳೆದ ಸಮಯ ಸರಿಯಾಗಿರಲಿ. ಕಾಗೆ, ಮೈನಾ ಸೇರಿ ಗುರುತಿಸಿದ ಎಲ್ಲವನ್ನೂ ಬರೆಯಿರಿ. ಅಪರೂಪದ್ದು ಮಾತ್ರ ಬರೆದರೆ ಆ ಪಟ್ಟಿಯಿಂದ ಹೆಚ್ಚಿಗೆ ಏನೂ ತಿಳಿಯುವುದಿಲ್ಲ. ಕೂಗು, ಫೋಟೊದಿಂದ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೇಳಿದ ಹೆಸರನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಹಕ್ಕಿಯನ್ನು ನೋಡಿ ಖಚಿತ ಮಾಡಿಕೊಳ್ಳಿ. ಹಕ್ಕಿ ಹೊರಗೆ ಬರಲಿ ಅಂತ ಅದೇ ಆ್ಯಪಿನ ಕೂಗನ್ನು ಜೋರಾಗಿ ಹಾಕುವುದಂತೂ ಬೇಡವೇ ಬೇಡ.

ಈ ಅಭ್ಯಾಸ ಕೈಗೆ ಹತ್ತಿದವರು ಜನವರಿಯ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್‌ಗೆ ಸೇರಿಕೊಳ್ಳಬಹುದು. 1987ರಿಂದ ನಡೆಯುತ್ತಿರುವ ಈ ನೀರುಹಕ್ಕಿ ಎಣಿಕೆ ಸ್ವಯಂಸೇವಕರಿಂದಲೇ ನಡೆಯುವಂಥದ್ದು. ಒಂದೇ ಕೆರೆಯನ್ನು ವರ್ಷ ವರ್ಷ ಅದೇ ಕ್ರಮದಲ್ಲಿ ಎಣಿಸುವವರು ಅಲ್ಲಿಗೆ ಬೇಕು.

ಕೊನೆಯದಾಗಿ, ದಂಡೆಯಲ್ಲಿ ಒಂದಕ್ಕಿಂತ ಹೆಚ್ಚು ಹಕ್ಕಿ ಸತ್ತು ಬಿದ್ದಿದ್ದರೆ, ಇಲ್ಲವೇ ಕತ್ತು ಎತ್ತಲಾಗದೆ ತೂಗಾಡುತ್ತಿದ್ದರೆ ಮುಟ್ಟಬೇಡಿ. ಹಕ್ಕಿಜ್ವರವೂ ಇರಬಹುದು, ವಿಷವೂ ಇರಬಹುದು. ನಾಯಿಗಳನ್ನು ದೂರ ಇಡಿ. ದೂರದಿಂದ ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದು, ಅರಣ್ಯ ಇಲಾಖೆಗೂ ಹತ್ತಿರದ ಪಶು ಆಸ್ಪತ್ರೆಗೂ ಅವತ್ತೇ ತಿಳಿಸಿ. ಬೂಟಿನ ಕೆಸರು ತೊಳೆದ ಮೇಲೆಯೇ ಮುಂದಿನ ಕೆರೆಗೆ ಹೋಗಿ.